ನಮ್ಮ ಸೈನ್ಸ್ ಮೇಡಂ ಮತ್ತು ಅವರ ಟರ್ಬೊ ಕಾರು

ಮೇಡಂ ತೀರಿಕೊಂಡರೆಂಬ ಸುದ್ದಿಯನ್ನು ಫೋನ್ ಮಾಡಿ ಹೇಳಿದವರು ಗಣಿತದ ಗಿರಿಜಮ್ಮ ಟೀಚರ್. ಏನಾಗಿತ್ತು, ಹತ್ತಿರ ಯಾರಿದ್ದರು ಎಂದೆಲ್ಲ ವಿಚಾರಿಸಬೇಕಿತ್ತು. ಆದರೆ ನನ್ನ ಬಾಯಿಂದ ಹೊರಬಿದ್ದದ್ದು, "ಆ ಕಾರು ಏನಾಯ್ತಂತೆ?" ಎಂಬ ಪ್ರಶ್ನೆ. ಅತ್ತ ಕಡೆಯಿಂದ ಗಿರಿಜಮ್ಮ, "ಅಯ್ಯೋ, ನಾನೂ ಮೊದ್ಲು ಅದನ್ನೇ ಕೇಳ್ದೆ ಪಂಡಿತರೇ" ಎಂದರು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಸಾವಿನ ಸುದ್ದಿಗೆ ಹೀಗೆ ನಗುವುದೇ ಎಂದು ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ನನ್ನನ್ನು ನೋಡಿ ಹೋದಳು. ಮೇಡಂ ಇದ್ದಿದ್ದರೆ ಬೈಯುತ್ತಿರಲಿಲ್ಲ. "ಯಾಕೆ ನಗು ಬಂತು, ಹೇಳಿ" ಎಂದು ಕೇಳುತ್ತಿದ್ದರು.

"ಯಾಕೆ" ಎಂಬುದೇ ಅವರ ಮಾತಿನ ಉಸಿರು. ಗೌರಿಬಿದನೂರಿನ ಕಡೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ನಾವು ಒಟ್ಟಿಗೆ ಕೆಲಸ ಮಾಡಿದೆವು. ನಾನು ಕನ್ನಡಕ್ಕೆ, ಅವರು ವಿಜ್ಞಾನಕ್ಕೆ. ಎತ್ತರದ ಆಳು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಭುಜದಲ್ಲಿ ಒಂದು ಪಿನ್ನು, ಆ ಪಿನ್ನಿನಲ್ಲಿ ತುರ್ತಿಗೆಂದು ಇನ್ನೆರಡು ಪಿನ್ನು. ಒಂದು ಸಲ ಶಾಲೆ ತಪಾಸಣೆಗೆ ಬಂದ ಅಧಿಕಾರಿ, "ನಿಮ್ಮ ಕ್ಲಾಸು ಬಹಳ ಶಿಸ್ತಾಗಿದೆಯಮ್ಮ" ಎಂದು ಹೊಗಳಿದರು. ಮೇಡಂ, "ಯಾಕೆ ಹಾಗನ್ನಿಸ್ತು ಸಾರ್?" ಎಂದರು. ಆ ಮನುಷ್ಯರು ಬಂದ ಕೆಲಸ ಬಿಟ್ಟು ಕುಡಿಯುವ ನೀರಿನ ತೊಟ್ಟಿ ನೋಡಲು ಹೋದರು. ಇನ್ನೊಂದು ಸಲ ಟೀಗೆ ಹಾಲು ಮೊದಲು ಹಾಕಿದರೆ ಬೇಗ ಆರುತ್ತದೋ ಆಮೇಲೆ ಹಾಕಿದರೋ ಎಂದು ಸ್ಟಾಫ್ ರೂಮಿನಲ್ಲಿ ಚರ್ಚೆ ಎದ್ದಿತು. ಮೇಡಂ ಎಲ್ಲರ ಲೋಟಗಳಿಗೂ ಒಂದೊಂದು ಉಷ್ಣಮಾಪಕ ಅದ್ದಿ ಬರೆದುಕೊಳ್ಳಲು ಕೂತರು. ಫಲಿತಾಂಶ ಬರುವ ಹೊತ್ತಿಗೆ ಎಂಟು ಲೋಟ ಟೀ ಆರಿ ಕೆನೆ ಕಟ್ಟಿತ್ತು. ಆ ದಿನ ಯಾರೂ ಟೀ ಕುಡಿಯಲಿಲ್ಲ, ಮೇಡಂ ಒಬ್ಬರನ್ನು ಬಿಟ್ಟು.

ಇಂಥವರು ಐವತ್ತರ ಮೇಲೆ ಕಾರು ಕೊಂಡರು. ಅವರ ಯಜಮಾನರು ಇರುವ ಜಾಗದಲ್ಲೇ ಸುಖವಾಗಿರಬೇಕೆನ್ನುವ ಪಂಗಡದವರು. ಕಾರಿನ ಪೂಜೆ ಮಾಡಿಸಿ, ನಿಂಬೆಹಣ್ಣು ಇಟ್ಟು, "ಹುಷಾರು ಕಣೇ" ಎಂದು ಹೇಳಿ ಮನೆಯೊಳಗೆ ಹೋದವರು ಮತ್ತೆ ಅದನ್ನು ಹತ್ತಿದ್ದನ್ನು ನಾನು ನೋಡಿಲ್ಲ. ಬದನೆಕಾಯಿ ಬಣ್ಣದ ಕಾರು ಅದು. ಆಗಷ್ಟೇ ನಮ್ಮ ಕಡೆ ಕಾಣಿಸಿಕೊಳ್ಳುತ್ತಿದ್ದ ಹೊಸ ನಮೂನೆಯ ಟರ್ಬೊ ಡೀಸೆಲ್. ನಾವು ಚಿಕ್ಕಬಳ್ಳಾಪುರದಿಂದ ಶಾಲೆಗೆ ಓಡಾಡುತ್ತಿದ್ದವರು ನಾಲ್ವರು: ಮೇಡಂ, ಗಿರಿಜಮ್ಮ, ನಾನು ಮತ್ತು ಪಿ.ಟಿ. ಮೇಷ್ಟ್ರು ರಾಮಾಂಜಿನಪ್ಪ. ಪಿ.ಟಿ. ಮೇಷ್ಟ್ರು ಎಂದ ಕೂಡಲೇ ಸಣಕಲು ಮೈಯ ಓಟಗಾರರನ್ನು ಕಲ್ಪಿಸಿಕೊಳ್ಳಬೇಡಿ. ಅವರು ಹಿಂದಿನ ಸೀಟಿಗೆ ಹತ್ತಿದರೆ ಮುಂದಿನ ಸೀಟಿನಲ್ಲಿರುವ ನನಗೆ ಆಕಾಶ ಕಾಣಿಸುತ್ತಿತ್ತು.

ಮೊದಲ ದಿನವೇ ಪಾಠ ಶುರುವಾಯಿತು.

"ಪಂಡಿತರೇ, ಬೆಂಕಿ ಉರಿಯಕ್ಕೆ ಏನು ಬೇಕು?"

"ಸೌದೆ."

"ಇನ್ನೇನು?"

"ಬೆಂಕಿಪೊಟ್ಟಣ."

"ಗಾಳಿ ಪಂಡಿತರೇ, ಗಾಳಿ! ನಿಮ್ಮಮ್ಮ ಒಲೆ ಊದಿದ್ದು ನೋಡಿಲ್ವಾ? ಈ ಎಂಜಿನ್ನಿಂದ ಹೊರಗೆ ಹೋಗೋ ಹೊಗೆ ಇದೆಯಲ್ಲ, ಅದು ಹೋಗ್ತಾ ಒಂದು ಚಕ್ರ ತಿರುಗಿಸ್ತದೆ. ಆ ಚಕ್ರದ ಜೊತೆ ತಿರುಗೋ ಇನ್ನೊಂದು ಚಕ್ರ ಹೊರಗಿನ ಗಾಳೀನ ಒತ್ತಿ ಒತ್ತಿ ಒಳಗೆ ತುಂಬ್ತದೆ. ಗಾಳಿ ಜಾಸ್ತಿ ಆದ್ರೆ ಡೀಸೆಲ್ಲೂ ಜಾಸ್ತಿ ಉರೀಬಹುದು, ಬಲ ಜಾಸ್ತಿ. ಅದೇ ಟರ್ಬೊ. ಹೊರಟುಹೋಗೋರ ಕೈಲೂ ಕೆಲಸ ಮಾಡಿಸ್ಕೊಳ್ಳೋ ಯಂತ್ರ."

"ನಮ್ ಹೆಡ್ ಮಾಷ್ಟ್ರು ಇದ್ದಂಗೆ" ಎಂದರು ಹಿಂದಿನಿಂದ ರಾಮಾಂಜಿನಪ್ಪ. "ಗುಮಾಸ್ತ ರಿಟೈರಾಗೋ ದಿನವೂ ಅವನ ಕೈಲಿ ಪಟ್ಟಿ ಬರೆಸಿದ್ರಲ್ಲ ಸ್ವಾಮಿ."

ಈ ಟರ್ಬೊಗೆ ಒಂದು ದೋಷ. ಹೊಗೆ ಸಾಕಷ್ಟು ಬರುವವರೆಗೆ ಚಕ್ರ ಸರಿಯಾಗಿ ಸುತ್ತುವುದಿಲ್ಲ. ಆಕ್ಸಿಲರೇಟರಿನ ಮೇಲೆ ಕಾಲು ಒತ್ತಿದ ಮೇಲೆ ಅದು ಎಚ್ಚರವಾಗುವುದಕ್ಕೆ ಸ್ವಲ್ಪ ಹೊತ್ತು ಬೇಕು. ನಮ್ಮ ಕಾರಿನಲ್ಲಿ ಆ ಸ್ವಲ್ಪ ಹೊತ್ತು ಬಹಳ ಹೊತ್ತಾಗಿತ್ತು. ಇದು ಊರಿನೊಳಗೆ ಯಾರ ಗಮನಕ್ಕೂ ಬರದ ದೋಷ. ಆದರೆ ನಮ್ಮ ದಾರಿಯಲ್ಲಿ ಒಂದು ಕಣಿವೆ ಇತ್ತು, ಕಣಿವೆಯಲ್ಲಿ ಒಂದು ಬಸ್ಸಿತ್ತು.

ಹಸಿರು ಬಣ್ಣದ ಖಾಸಗಿ ಬಸ್ಸು. ನಮಗಿಂತ ಐದು ನಿಮಿಷ ಮೊದಲು ಚಿಕ್ಕಬಳ್ಳಾಪುರ ಬಿಡುತ್ತಿತ್ತು. ಕಣಿವೆಯ ಬುಡದಲ್ಲಿ ನಮಗೆ ಸಿಗುತ್ತಿತ್ತು. ಆ ಏರಿನಲ್ಲಿ ಎಲ್ಲ ತಿರುವುಗಳೇ. ಎದುರಿನ ವಾಹನ ದೂರದಿಂದ ಕಾಣುವಂಥ ನೇರ ರಸ್ತೆ ಒಂದೇ ಒಂದು ಕಡೆ. ಅಲ್ಲಿ ಮೇಡಂ ಕಾಲು ಒತ್ತುತ್ತಿದ್ದರು. ಕಾರು ಯೋಚನೆ ಮಾಡುತ್ತಿತ್ತು. ಅದು ಒಂದು ತೀರ್ಮಾನಕ್ಕೆ ಬರುವಷ್ಟರಲ್ಲಿ ನೇರ ರಸ್ತೆ ಮುಗಿದು ತಿರುವು ಬರುತ್ತಿತ್ತು. ಅಲ್ಲಿಂದ ತುದಿಯವರೆಗೂ ಬಸ್ಸಿನ ಕಪ್ಪು ಹೊಗೆ ಕುಡಿಯುತ್ತಾ ನಾವು ಹಿಂದೆ. ತುದಿಯಲ್ಲಿ ಬಸ್ಸಿನ ಡ್ರೈವರ್ ಕಿಟಕಿಯಿಂದ ಕೈ ಹೊರಗೆ ಹಾಕಿ ಟಾಟಾ ಮಾಡಿ, ಪೋಂ ಪೋಂ ಎಂದು ಎರಡು ಸಲ ಹಾರನ್ ಹೊಡೆದು, ಇಳಿಜಾರಿನಲ್ಲಿ ಮಾಯವಾಗುತ್ತಿದ್ದ. ದಿನಾ.

"ಅದು ಯಾರು ಗೊತ್ತಾ?" ಎಂದರು ಒಂದು ದಿನ ಮೇಡಂ, ಹಲ್ಲು ಕಚ್ಚಿ. "ನಾರಾಯಣಸ್ವಾಮಿ. ನಮ್ಮ ಶಾಲೇಲೇ ಓದಿದೋನು. ಎಸ್ಸೆಸ್ಸೆಲ್ಸೀಲಿ ವಿಜ್ಞಾನಕ್ಕೆ ಹದಿನೆಂಟು ತಗೊಂಡೋನು. ನನಗೆ ಹಾರನ್ ಹೊಡೀತಾನೆ!"

ಅಂದೇ ಇನ್ನೂರು ಪುಟದ ಒಂದು ನೋಟ್ ಬುಕ್ ಬಂತು. ಮೇಲೆ 'ಎಂಜಿನ್ ಸುಧಾರಣೆ' ಎಂದು ದುಂಡಗೆ ಬರೆದು ಕೆಳಗೆ ಎರಡು ಗೆರೆ. ಒಳಗೆ ಮೂರು ಕಲಂ: ಏನು, ಯಾಕೆ, ಏನು ಕೆಡಬಹುದು. ವಾಹನಗಳ ಪತ್ರಿಕೆಗಳನ್ನು ತರಿಸಿದರು. ಲ್ಯಾಬಿನಲ್ಲಿ ಕಪ್ಪೆಯ ಚಿತ್ರಪಟದ ಪಕ್ಕ ಟರ್ಬೊದ ಚಿತ್ರ ತೂಗಾಡತೊಡಗಿತು. ಅದು ಕಪ್ಪೆಯ ಯಾವ ಭಾಗವೆಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು.

ಒಂದು ಎರಡನೇ ಶನಿವಾರ ನಾಲ್ವರೂ ಬೆಂಗಳೂರಿನ ಒಂದು ಅಂಗಡಿಗೆ ಹೋದೆವು. ಕಾರುಗಳಿಗೆ ಬಲ ತುಂಬಿಕೊಡುವ ಅಂಗಡಿ. ಕೂದಲನ್ನು ಮುಳ್ಳುಹಂದಿಯಂತೆ ನಿಲ್ಲಿಸಿಕೊಂಡಿದ್ದ ಯುವಕನೊಬ್ಬ ಬಂದು, "ಯಾವ ಸ್ಟೇಜ್ ಬೇಕು ಆಂಟಿ? ಸ್ಟೇಜ್ ಒನ್ ಇದೆ, ಸ್ಟೇಜ್ ಟೂ ಇದೆ" ಎಂದ.

"ನಾಟಕದ್ದಾ?" ಎಂದು ರಾಮಾಂಜಿನಪ್ಪ ನನ್ನ ಕಿವಿಯಲ್ಲಿ ಕೇಳಿದರು.

ಯುವಕ ಮೊದಲು ದೊಡ್ಡ ಟರ್ಬೊ ತೋರಿಸಿದ. ಮೇಡಂ ಅದನ್ನು ಹಲಸಿನ ಹಣ್ಣು ನೋಡುವಂತೆ ಬೆರಳಲ್ಲಿ ತಟ್ಟಿ ನೋಡಿ, "ಚಕ್ರ ದೊಡ್ಡದಾದ್ರೆ ಭಾರ ತಾನೆ? ಇನ್ನೂ ತಡವಾಗಿ ತಿರುಗಲ್ವಾ?" ಎಂದರು.

"ಸ್ವಲ್ಪ ಲ್ಯಾಗ್ ಇರತ್ತೆ ಆಂಟಿ. ಬಟ್ ಆಮೇಲೆ ಸಖತ್ ಪಿಕಪ್."

"ಆಮೇಲೆ ಅಂದ್ರೆ? ಕಣಿವೆ ದಾಟಿದ ಮೇಲಾ?"

ಯುವಕನಿಗೆ ಕಣಿವೆ ಗೊತ್ತಿರಲಿಲ್ಲ. ಹೊಳೆಯುವ ಇನ್ನೊಂದು ಡಬ್ಬಿ ತೆಗೆದ. ಕಾಲು ತೆಗೆದ ಕೂಡಲೇ ಹೆಚ್ಚುವರಿ ಗಾಳಿಯನ್ನು ಉಸ್ಸೆಂದು ಹೊರಗೆ ಬಿಡುವ ಕವಾಟವಂತೆ.

"ಇದು ಪೆಟ್ರೋಲ್ ಗಾಡಿಗೆ ಹಾಕೋದಲ್ವೇನಪ್ಪ? ಡೀಸೆಲ್ಲಿಗೆ ಯಾಕೆ?"

"ಸೌಂಡಿಗೆ ಆಂಟಿ."

"ಸೌಂಡ್ ಯಾಕೆ?"

ಆತ ಡಬ್ಬಿಯನ್ನು ಮತ್ತೆ ಒಳಗಿಟ್ಟ. ಹೊಗೆ ಸಲೀಸಾಗಿ ಹೋಗುವ ದಪ್ಪ ಸೈಲೆನ್ಸರಿಗೆ ನಾಲ್ಕು "ಯಾಕೆ" ಬಿದ್ದವು. ಗಾಳಿ ತಣ್ಣಗೆ ಮಾಡುವ ದೊಡ್ಡ ರೇಡಿಯೇಟರಿಗೆ ಆರು. ಮಧ್ಯಾಹ್ನದ ಹೊತ್ತಿಗೆ ಆ ಯುವಕ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದ. ಕೊನೆಗೆ ಮೇಡಂ ಒಪ್ಪಿದ್ದು ಬೆಂಕಿಪೊಟ್ಟಣದ ಅಣ್ಣನಂತಿದ್ದ ಒಂದು ಪೆಟ್ಟಿಗೆಯನ್ನು. ಎಂಜಿನ್ನಿನ ಕಂಪ್ಯೂಟರಿಗೆ ಸುಳ್ಳು ಹೇಳಿ, ಅದರ ಕೈಲಿ ಡೀಸೆಲ್ ಜಾಸ್ತಿ ಬಿಡಿಸುವ ಪೆಟ್ಟಿಗೆ. "ಸುಳ್ಳು ಹೇಳೋದು ತಪ್ಪು. ಆದ್ರೆ ಯಾಕೆ ಅಂತ ಅರ್ಥ ಆಗ್ತದೆ" ಎಂದು ನೋಟ್ ಬುಕ್ಕಿನಲ್ಲಿ ಟಿಕ್ ಹಾಕಿದರು. ಒಂದು ತಿಂಗಳು ಹಾಕಿ ನೋಡಿ, ಬೇಡವಾದರೆ ವಾಪಸ್ ಕೊಡುವುದೆಂದು ಮಾತಾಯಿತು. ಯುವಕ ಎಷ್ಟು ಸುಸ್ತಾಗಿದ್ದನೆಂದರೆ, ಪೆಟ್ಟಿಗೆಯ ಜೊತೆಗೆ ಸೈಲೆನ್ಸರಿನ ಬಾಯಿಗೆ ಟರ್ಬೊ ಸದ್ದು ಮಾಡುವ ಒಂದು ಸೀಟಿಯನ್ನು ಉಚಿತವಾಗಿ ಸಿಕ್ಕಿಸಿಬಿಟ್ಟ. ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾರಲ್ಲ.

ಸೋಮವಾರ ಹಸಿರು ಬಸ್ಸು ರಿಪೇರಿಗೆ ಹೋಗಿತ್ತು. ದಾರಿಯುದ್ದಕ್ಕೂ ಎಲ್ಲಿಂದಲೋ ಶಿಳ್ಳೆ ಕೇಳುತ್ತಿತ್ತು. ಗಿರಿಜಮ್ಮ ನನ್ನನ್ನು, ನಾನು ರಾಮಾಂಜಿನಪ್ಪನವರನ್ನು ಅನುಮಾನದಿಂದ ನೋಡಿದೆವು. ಶಾಲೆಯ ಗೇಟಿನ ಹತ್ತಿರ ಏರಿ ಒಳಗೆ ತಿರುಗಿಸಿಕೊಳ್ಳುವಾಗ ಕಾರು ಮೂರು ಸಲ ಜೋರಾಗಿ ಕೂಗಿತು. ಬಿಸಿಯೂಟದ ಕೋಣೆಯಲ್ಲಿ ಅಕ್ಕಯ್ಯಮ್ಮ ದೊಡ್ಡ ಕುಕ್ಕರಿನಲ್ಲಿ ಬೇಳೆ ಇಟ್ಟು ಈಚೆಗೆ ಬೆನ್ನು ಹಾಕಿ ಸೊಪ್ಪು ಬಿಡಿಸುತ್ತಿದ್ದಳು. ಮೂರು ಕೂಗು ಎಣಿಸಿ ಒಲೆ ಆರಿಸಿದಳು. ಮಧ್ಯಾಹ್ನ ಸಾರಿನೊಳಗಿನ ಬೇಳೆಯನ್ನು ಎರಡು ಸೆಕ್ಷನ್ ಮಕ್ಕಳು ಗೋಲಿಯಂತೆ ತಟ್ಟೆಯಲ್ಲಿ ಉರುಳಿಸಿಕೊಂಡು ಆಡಿದರು.

"ಮೂರು ಕೂಗಿದ್ದು ನಾನೇ ಕೇಳಿದೀನಿ ಮೇಡಂ, ದೇವರಾಣೆ!" ಎಂದು ಅಕ್ಕಯ್ಯಮ್ಮ ಅಳುತ್ತಾ ನಿಂತಳು.

ಮೇಡಂ ಕುಕ್ಕರ್ ಪರೀಕ್ಷಿಸಿದರು. ಬೇಳೆ ಪರೀಕ್ಷಿಸಿದರು. ಕೊನೆಗೆ ಕಾರನ್ನು ಅಂಗಳದಲ್ಲಿ ಒಂದು ಸುತ್ತು ಓಡಿಸಿ, ನಿಲ್ಲಿಸಿ, ಸೈಲೆನ್ಸರಿನ ಮುಂದೆ ಮಂಡಿಯೂರಿ ಕೂತರು. ರಾಮಾಂಜಿನಪ್ಪ ಇಕ್ಕಳದಿಂದ ಸೀಟಿಯನ್ನು ಹಲ್ಲಿನಂತೆ ಕಿತ್ತು ತೆಗೆದರು. ಮೇಡಂ ಅಕ್ಕಯ್ಯಮ್ಮನ ಹತ್ತಿರ ಹೋಗಿ, ಎಲ್ಲ ಮಕ್ಕಳ ಎದುರಿಗೆ, "ತಪ್ಪು ನಂದಮ್ಮ. ನೀನು ಸರಿಯಾಗೇ ಎಣಿಸಿದೀಯ" ಎಂದರು. ಸೀಟಿಯನ್ನು ರಾಮಾಂಜಿನಪ್ಪ ಕ್ರೀಡಾ ಸಾಮಗ್ರಿಯ ಪಟ್ಟಿಗೆ ಸೇರಿಸಿಕೊಂಡರು.

ಬುಧವಾರ ಬಸ್ಸು ಮರಳಿತು. ಕಣಿವೆಯ ನೇರ ರಸ್ತೆ ಬಂತು. "ಹಿಡ್ಕೊಳ್ಳಿ" ಎಂದು ಮೇಡಂ ಕಾಲು ಒತ್ತಿದರು. ಎಂಜಿನ್ ಗರ್ಜಿಸಿತು. ಎಂಜಿನ್ ಎಷ್ಟು ಸುತ್ತುತ್ತಿದೆ ಎಂದು ತೋರಿಸುವ ಮುಳ್ಳು ಸರ್ರನೆ ಮೇಲೇರಿತು. ವೇಗದ ಮುಳ್ಳು ಮಾತ್ರ ಇದ್ದಲ್ಲೇ ಇತ್ತು. ನಾವು ಅಪಾರ ಸದ್ದು ಮಾಡುತ್ತಾ ನಿಧಾನವಾಗುತ್ತಿದ್ದೆವು. ಏನೋ ಸುಟ್ಟ ವಾಸನೆ.

"ಯಾರೋ ಕೂದ್ಲು ಸುಡ್ತಾವ್ರೆ" ಎಂದರು ಗಿರಿಜಮ್ಮ.

ರಾಮಾಂಜಿನಪ್ಪ ತಮ್ಮ ಊಟದ ಡಬ್ಬಿ ತೆರೆದು ಮೂಸಿ ನೋಡಿ, ನೆಮ್ಮದಿಯಿಂದ ಮುಚ್ಚಿದರು. ಅಷ್ಟರಲ್ಲಿ ಕಾರು ನಿಂತುಬಿಟ್ಟಿತು. ಮುಂದೆ ಹೋಗುತ್ತಿದ್ದ ಬಸ್ಸೂ ನಿಂತಿತು. ಅದರ ಡ್ರೈವರ್ ಗಾಲಿಗೆ ಕಲ್ಲು ಕೊಡಿಸಿ ಇಳಿದು ಬಂದ. ಮೂವತ್ತರ ಆಸುಪಾಸಿನ, ದಪ್ಪ ಮೀಸೆಯ ಆಳು. ಮೇಡಂ ಎದುರಿಗೆ ಬರುತ್ತಲೇ ಹೆಗಲ ಮೇಲಿನ ಟವೆಲ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನಮಸ್ಕಾರ ಮೇಡಂ. ನಾನು ನಾರಾಯಣಸ್ವಾಮಿ. ನಿಮ್ಮ ಇಸ್ಟೂಡೆಂಟು."

"ಗೊತ್ತು. ವಿಜ್ಞಾನದಲ್ಲಿ ಹದಿನೆಂಟು."

"ಹತ್ತೊಂಬತ್ತು ಮೇಡಂ" ಎಂದ ಅವನು ವಿನಯದಿಂದ. ಬಾನೆಟ್ಟಿನ ಹತ್ತಿರ ಬಗ್ಗಿ ಮೂಸಿ, "ಕ್ಲಚ್ ಸುಟ್ಟೋಗೈತೆ. ಬನ್ನಿ, ಬಸ್ ಹತ್ತಿ. ಪ್ರೇಯರ್ ಬೆಲ್ಲಿಗೆ ಬಿಡ್ತೀನಿ" ಎಂದ.

ಬಸ್ಸು ತುಂಬಿತ್ತು. ಮೇಡಮ್ಮಿಗೆ ಸಿಕ್ಕ ಜಾಗ ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ. ಯಾರದೋ ರೇಷ್ಮೆ ಗೂಡಿನ ಚೀಲ ಒಂದು ಕಡೆ, ಎರಡು ಕೋಳಿ ಇನ್ನೊಂದು ಕಡೆ. ನಾನು ಕಂಬಿ ಹಿಡಿದು ಹಿಂದೆ ನಿಂತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಮೇಡಂ ಕೇಳಿದರು.

"ಯಾಕೆ ಸುಟ್ಟುಹೋಯ್ತು?"

"ಏನೋ ಹಾಕ್ಸಿದೀರಿ ಅಲ್ವಾ ಮೇಡಂ? ಸದ್ದಲ್ಲೇ ಗೊತ್ತಾಯ್ತು. ಬಲ ಜಾಸ್ತಿ ಮಾಡಿದ್ರಿ, ಹಿಡಿತ ಹಳೇದೇ ಐತೆ. ಒಳಗೆ ಎರಡು ತಟ್ಟೆ ಒಂದಕ್ಕೊಂದು ಅಮುಕ್ಕೊಂಡು ತಿರುಗ್ಬೇಕು. ಎಂಜಿನ್ ಕಡೆ ತಟ್ಟೆ ಜೋರಾಗಿ ಸುತ್ತುತೈತೆ, ಗಾಲಿ ಕಡೆ ತಟ್ಟೆ ಹಿಡಿಯಕ್ಕಾಗ್ದೆ ಜಾರ್ತೈತೆ. ಉಜ್ಜಿ ಉಜ್ಜಿ ಕಾವು. ಬಲ ಎಲ್ಲಾ ಕಾವಾಗೋಯ್ತು, ಗಾಲಿಗೆ ಏನೂ ಬರ್ಲಿಲ್ಲ."

ಮೇಡಂ ಕೋಳಿಗಳ ಮೇಲಿಂದ ನನ್ನ ಕಡೆ ತಿರುಗಿದರು. "ಪಂಡಿತರೇ, ಇವನು ಘರ್ಷಣೆ ಪಾಠ ಹೇಳಿದ."

"ಘರ್ಷಣೆ ಅಂದ್ರೆ ಇದೇನಾ ಮೇಡಂ?" ನಾರಾಯಣಸ್ವಾಮಿಗೆ ನಿಜಕ್ಕೂ ಆಶ್ಚರ್ಯ. "ನೀವು ಕ್ಲಾಸಲ್ಲಿ ಟೇಬಲ್ ಮೇಲೆ ಇಟ್ಟಿಗೆ ಎಳೆದ್ರಿ. ನಾನು ಘರ್ಷಣೆ ಅಂದ್ರೆ ಇಟ್ಟಿಗೆ ಅಂದ್ಕಂಡೆ. ಪರೀಕ್ಷೇಲೂ ಹಂಗೇ ಬರೆದೆ."

ಇಡೀ ಬಸ್ಸು ನಕ್ಕಿತು. ಮೇಡಂ ನಗಲಿಲ್ಲ. ಆಮೇಲೆ ಮೆಲ್ಲಗೆ, ಪ್ರೈವೇಟ್ ಬಸ್ಸಿನಲ್ಲೇ ಯಾಕೆ ಇದ್ದೀಯ, ಸರ್ಕಾರಿ ಬಸ್ಸಿಗೆ ಯಾಕೆ ಸೇರಲಿಲ್ಲ ಎಂದು ಕೇಳಿದರು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಬಾಕಿ ಎಲ್ಲ ಆಗಿದೆ, ವಿಜ್ಞಾನ ಒಂದು ನಿಂತಿದೆ ಎಂದ ಅವನು. ದೂರಿನ ದನಿಯಲ್ಲ. ಮುಂದೆ ಹಸು ಅಡ್ಡ ಬಂತು ಎನ್ನುವಂತೆ ಹೇಳಿ ಗೇರ್ ಬದಲಾಯಿಸಿದ.

ಆ ದಿನ ಸ್ಟಾಫ್ ರೂಮಿನಲ್ಲಿ ಮೇಡಂ ಊಟದ ಡಬ್ಬಿ ತೆರೆಯಲೇ ಇಲ್ಲ. ನಾನು ಕಾರಿನ ಚಿಂತೆಯೇನೋ ಎಂದುಕೊಂಡು, "ಕ್ಲಚ್ ಹಾಕ್ಸಿದ್ರೆ ಸರಿಹೋಗ್ತದೆ ಬಿಡಿ ಮೇಡಂ" ಎಂದೆ.

"ಆ ಹತ್ತೊಂಬತ್ತು ಅವನಿಗೆ ಬಂದಿದ್ದಲ್ಲ ಪಂಡಿತರೇ" ಎಂದರು ಅವರು. "ನನಗೆ ಬಂದಿದ್ದು."

ಅಷ್ಟು ವರ್ಷದಲ್ಲಿ ಅವರು ಯಾಕೆ ಎಂದು ಸೇರಿಸದೆ ಹೇಳಿದ ಮಾತು ಅದೊಂದೇ ಇರಬೇಕು.

ಮುಂದಿನ ಭಾನುವಾರ ಒಪ್ಪಂದವಾಯಿತು. ಚಿಕ್ಕಬಳ್ಳಾಪುರದಲ್ಲಿ ಬಾಬು ಭಾಯಿ ಎಂಬ ಮೆಕ್ಯಾನಿಕ್ಕಿನ ಶೆಡ್ಡು. ಪ್ರತಿ ಭಾನುವಾರ ಬೆಳಿಗ್ಗೆ ನಾರಾಯಣಸ್ವಾಮಿ ಅಲ್ಲಿ ಕಾರಿಗೆ ಏನು ಬೇಕೆಂದು ಹೇಳುವುದು, ಮೇಡಂ ಅವನಿಗೆ ವಿಜ್ಞಾನ ಹೇಳುವುದು. ನಾನು ಯಾಕೆ ಹೋಗುತ್ತಿದ್ದೆ ಎಂದು ಕೇಳಬೇಡಿ. ಬಾಬು ಭಾಯಿ ತರಿಸುತ್ತಿದ್ದ ಸಮೋಸ ಚೆನ್ನಾಗಿತ್ತು.

ಹೊಸ ಕ್ಲಚ್ ಕೂತ ಮೇಲೆ ನಾರಾಯಣಸ್ವಾಮಿ ಮೊದಲು ಮಾಡಿದ ಕೆಲಸ ಆ ಸುಳ್ಳಿನ ಪೆಟ್ಟಿಗೆಯನ್ನು ಬಿಚ್ಚಿ ಪಕ್ಕಕ್ಕಿಟ್ಟದ್ದು. "ಇರೋದು ಸರಿಯಾಗೈತಾ ಅಂತ ನೋಡ್ಕೊಳ್ಳದೆ ಹೊಸದು ಹಾಕ್ಬಾರ್ದು ಮೇಡಂ. ಈ ಗಾಡಿ ಇಷ್ಟು ತಡವಾಗಿ ಏಳೋದು ಟರ್ಬೊ ಗುಣ ಅಲ್ಲ. ಗಾಳಿ ಎಲ್ಲೋ ಸೋರ್ತೈತೆ." ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯ ಒಂದು ತುದಿ ಮುಚ್ಚಿ, ಇನ್ನೊಂದು ತುದಿಯಿಂದ ಮೆಲ್ಲಗೆ ಗಾಳಿ ಬಿಟ್ಟು, ಮೇಲೆ ಸೋಪಿನ ನೀರು ಸವರಿದರು. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವ ಹಾಗೆಯೇ. ಒಂದು ಮಡಿಕೆಯ ಸಂದಿಯಿಂದ ಗುಳುಗುಳು ಗುಳ್ಳೆ ಎದ್ದಿತು.

"ಗುಳ್ಳೆ!" ಎಂದು ಮೇಡಂ ಚಿಕ್ಕ ಹುಡುಗಿಯಂತೆ ಚಪ್ಪಾಳೆ ತಟ್ಟಿದರು. "ನೋಡಿ ಪಂಡಿತರೇ, ಗುಳ್ಳೆ!" ಗುಳ್ಳೆಯ ಚಿತ್ರ ಬರೆದು, ಭಾಗಗಳನ್ನು ಗುರುತಿಸಿದರು. ಗುಳ್ಳೆಗೆ ಅಂಥ ಭಾಗಗಳೇನೂ ಇರಲಿಲ್ಲ.

ಕೊಳವೆ ಬದಲಾಯಿತು. ಏರ್ ಫಿಲ್ಟರ್ ತೆಗೆದಾಗ ಅದರಲ್ಲಿ ನಮ್ಮ ಹೋಬಳಿಯ ಅರ್ಧ ಮಣ್ಣು ಸಿಕ್ಕಿತು. ಅದೂ ಬದಲಾಯಿತು. ಮುಂದೇನು ಎಂದು ಮೇಡಂ ಪೆನ್ಸಿಲ್ ಹಿಡಿದು ಕೂತರೆ, ನಾರಾಯಣಸ್ವಾಮಿ ಟೈರು ಮತ್ತು ಬ್ರೇಕು ಎಂದ. "ಓಡೋದಕ್ಕೆ ಮುಂಚೆ ನಿಲ್ಲೋದು ನೋಡ್ಕಬೇಕಲ್ವಾ ಮೇಡಂ. ನಿಮ್ಮ ಜೊತೆ ಮೂರು ಜನ ಮೇಷ್ಟ್ರುಗಳು ಇರ್ತಾರೆ." ಅದಾದ ಮೇಲೆ ಡಿಕ್ಕಿ ತೆರೆಸಿದ. ಒಳಗೆ ಘರ್ಷಣೆಯ ಆ ಇಟ್ಟಿಗೆಗಳು ಆರು, ಸಾಂದ್ರತೆಯ ಪಾಠಕ್ಕೆ ಎರಡು ಕ್ಯಾನು ನೀರು, ಮರಳಿನ ಚೀಲ, ನಾನಾ ಬಗೆಯ ಶಿಲೆಗಳು, ಒಂದು ಕಬ್ಬಿಣದ ಗುಂಡು, ಮತ್ತು ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಮೇಕೆಯ ಅಸ್ಥಿಪಂಜರ. ಬಾಬು ಭಾಯಿ ಪಂಚೆ ಬಿಚ್ಚಿ ನೋಡಿ, ಎರಡು ಹೆಜ್ಜೆ ಹಿಂದೆ ಹೋಗಿ, "ಮೇಡಂ, ಪೊಲೀಸ್ನೋರು ನೋಡಿದ್ರೆ ನಾನ್ ಏನ್ ಹೇಳ್ಲಿ?" ಎಂದರು.

"ಇದನ್ನೆಲ್ಲ ಇಳಿಸಿ ಮೇಡಂ" ಎಂದ ನಾರಾಯಣಸ್ವಾಮಿ. "ಇದಕ್ಕಿಂತ ದೊಡ್ಡ ಟರ್ಬೊ ಇಲ್ಲ."

ಎಲ್ಲ ಆದಮೇಲೆ ಆ ಪೆಟ್ಟಿಗೆಯನ್ನು ಮತ್ತೆ ಹಾಕಿ, ಅದರ ಸುಳ್ಳನ್ನು ಅತ್ಯಂತ ಕಡಿಮೆಗೆ ತಿರುಗಿಸಿದ. ಹೊಗೆ ಕಪ್ಪಗೆ ಬಂದರೆ ಹೆಚ್ಚಾಯಿತೆಂದು ಅರ್ಥ, ಬರದಿದ್ದರೆ ಸರಿ. ಬರಲಿಲ್ಲ.

ಇತ್ತ ಪಾಠವೂ ನಡೆಯುತ್ತಿತ್ತು. ಅವನ ಉತ್ತರಗಳನ್ನು ಕನ್ನಡಕ್ಕಾಗಿ ತಿದ್ದುವ ಕೆಲಸ ನನ್ನದು. 'ಹೃದಯದ ಕೆಲಸವನ್ನು ವಿವರಿಸಿ' ಎಂಬುದಕ್ಕೆ ಅವನು, 'ಹೃದಯವು ನಾಲ್ಕು ಸಿಲಿಂಡರಿನ ಪಂಪು. ಆಯಿಲ್ ಬದಲಾಯಿಸುವ ವ್ಯವಸ್ಥೆ ಇರುವುದಿಲ್ಲ' ಎಂದು ಬರೆದಿದ್ದ. ಎಲೆಗಳು ಆಹಾರ ತಯಾರಿಸುವುದಕ್ಕೆ, 'ಬಿಸಿಲು ಇದ್ದರೆ ಗಾಡಿ ಸ್ಟಾರ್ಟು, ಇಲ್ಲದಿದ್ದರೆ ಡಿಪೋದಲ್ಲಿ.'

"ಬೋರ್ಡಿನೋರಿಗೆ ಹೀಗೆ ಬರೀಬೇಡಪ್ಪ" ಎನ್ನುತ್ತಿದ್ದರು ಮೇಡಂ. "ತಪ್ಪು ಅಂತಲ್ಲ. ಅವರು ಬಸ್ಸಲ್ಲಿ ಓಡಾಡಲ್ಲ."

ಈಗ ಕಾರು ಕಾಲು ಒತ್ತಿದರೆ ಏಳುತ್ತಿತ್ತು. ಕಣಿವೆಯ ನೇರ ರಸ್ತೆಯಲ್ಲಿ ಯಾವತ್ತು ಬೇಕಾದರೂ ಬಸ್ಸನ್ನು ದಾಟಬಹುದಿತ್ತು. ಆದರೆ ಮೇಡಂ ದಾಟಲಿಲ್ಲ. ಯಾಕೆಂದು ಅವರ ಮಾತಿನಲ್ಲೇ ನಾನು ಕೇಳಿದೆ.

"ಪರೀಕ್ಷೆಗೆ ಓದ್ತಿರೋನ ಮನಸ್ಸು ಕೆಡಿಸಬಾರದು ಪಂಡಿತರೇ."

ಹೀಗೆ, ಇಷ್ಟೆಲ್ಲ ಬಲ ತುಂಬಿಸಿಕೊಂಡ ಕಾರಿನಲ್ಲಿ ನಾವು ತಿಂಗಳುಗಟ್ಟಲೆ ಬಸ್ಸಿನ ಹಿಂದೆಯೇ ಹೊಗೆ ಕುಡಿಯುತ್ತಾ ಹೋದೆವು. ರಾಮಾಂಜಿನಪ್ಪನವರಿಗೆ ಕೆಮ್ಮು ಶುರುವಾಯಿತು.

ಫಲಿತಾಂಶ ಬಂದ ದಿನ ಹಸಿರು ಬಸ್ಸು, ಪ್ರಯಾಣಿಕರ ಸಮೇತ, ನೇರವಾಗಿ ಶಾಲೆಯ ಅಂಗಳಕ್ಕೆ ಬಂದು ನಿಂತಿತು. ನಾರಾಯಣಸ್ವಾಮಿ ಇಳಿದು ಓಡಿಬಂದು ಮೇಡಂ ಕಾಲಿಗೆ ಬಿದ್ದ. ಐವತ್ತೆರಡು! ಬಸ್ಸಿನಲ್ಲಿದ್ದವರಿಗೆಲ್ಲ ಅವನ ಅಂಕ ಗೊತ್ತಿತ್ತು. ಒಂದು ಅಜ್ಜಿ ಕಿಟಕಿಯಿಂದ, "ಸಾಲ್ದು, ಇನ್ನೊಂಚೂರು ಓದ್ಬೇಕಾಗಿತ್ತು" ಎಂದಿತು. ಮೇಡಂ ಅವನನ್ನು ಎಬ್ಬಿಸಿ, ಕನ್ನಡಕ ಒರೆಸಿಕೊಳ್ಳುತ್ತಾ, ಉಳಿದ ನಲವತ್ತೆಂಟು ಎಲ್ಲಿ ಹೋಯಿತೆಂದು ಕೇಳಿದರು.

ಅರ್ಜಿ, ಟೆಸ್ಟು ಎಂದು ಕೆಲವು ತಿಂಗಳು ಕಳೆದು ಅವನಿಗೆ ಸರ್ಕಾರಿ ಬಸ್ಸಿನ ಕೆಲಸ ಸಿಕ್ಕಿತು. ತರಬೇತಿಗೆ ಹೊರಡುವ ಎರಡು ದಿನ ಮೊದಲು, ಹಸಿರು ಬಸ್ಸಿನಲ್ಲಿ ನಾಳೆಯೇ ಕೊನೆ ಎಂದು ಹೇಳಲು ಬಂದಾಗ ಮೇಡಂ, "ನಾಳೆ ಕಣಿವೇಲಿ ನಾನು ದಾಟ್ತೀನಿ" ಎಂದರು. "ಬಿಟ್ಕೊಡಬೇಡ. ಬಿಟ್ಕೊಟ್ರೆ ನನಗೆ ಗೊತ್ತಾಗ್ತದೆ."

"ಬಿಡಲ್ಲ ಮೇಡಂ" ಎಂದ ನಾರಾಯಣಸ್ವಾಮಿ, ಎದೆಯ ಮೇಲೆ ಕೈಯಿಟ್ಟು.

ಮಾರನೆಯ ಬೆಳಿಗ್ಗೆ ರಾಮಾಂಜಿನಪ್ಪ ಕಾರು ಹತ್ತುತ್ತಲೇ, "ನಾನು ಇವತ್ತು ಮೂರು ಮುದ್ದೆ ಬದ್ಲು ಎರಡೇ ತಿಂದ್ಬಂದಿದೀನಿ" ಎಂದು ಘೋಷಿಸಿದರು. ಗಿರಿಜಮ್ಮ ಕೈಚೀಲದಿಂದ ಗಣಿತದ ಪುಸ್ತಕಗಳನ್ನು ತೆಗೆದು ಮನೆಯಲ್ಲೇ ಬಿಟ್ಟು ಬಂದಿದ್ದರು. ಕಣಿವೆಯ ಬುಡದಲ್ಲಿ ಬಸ್ಸು ಸಿಕ್ಕಿತು. ಮೊದಲ ತಿರುವು, ಎರಡನೆಯ ತಿರುವು. ನೇರ ರಸ್ತೆ. ಎದುರಿಗೆ ಒಂದು ನರಪಿಳ್ಳೆಯೂ ಇಲ್ಲ. ಮೇಡಂ ಗೇರ್ ಇಳಿಸಿ ಕಾಲು ಒತ್ತಿದರು. ಯಾರೋ ಬೆನ್ನಿಗೆ ಕೈ ಕೊಟ್ಟು ನೂಕಿದಂತೆ ಕಾರು ಎದ್ದಿತು. ನಾವು ಬಸ್ಸಿನ ಹಿಂದಿನ ಗಾಲಿಯ ಪಕ್ಕ, ನಡುವಿನ ಪಕ್ಕ. ಕಿಟಕಿಗಳಿಂದ ತಲೆಗಳು ಹೊರಬಂದವು. ಬಸ್ಸು ಕೊಟ್ಟ ಮಾತಿನಂತೆ ಜಗ್ಗಲಿಲ್ಲ. ತನ್ನ ಪ್ರಾಣವನ್ನೆಲ್ಲ ಹಾಕಿ ಗೊರಗೊರ ಎನ್ನುತ್ತಿತ್ತು. ಕಂಡಕ್ಟರ್ ಬಾಗಿಲಲ್ಲಿ ನಿಂತು, ಯಾರ ಪರವೋ ತಿಳಿಯದೆ, "ರೈಟ್! ರೈಟ್!" ಎಂದು ಕೂಗುತ್ತಿದ್ದ. ಒಂದು ಕ್ಷಣ ನಾರಾಯಣಸ್ವಾಮಿಯ ಮೀಸೆ ನಮ್ಮ ಸಮಕ್ಕೆ ಕಂಡಿತು. ಮರುಕ್ಷಣ ಮುಂದೆ ಬರಿಯ ರಸ್ತೆ, ಆಕಾಶ.

ಗಿರಿಜಮ್ಮ ನನ್ನ ಭುಜಕ್ಕೆ ಗುದ್ದುತ್ತಿದ್ದರು. ರಾಮಾಂಜಿನಪ್ಪ, "ಅಬ್ಬ ದೇವುಡಾ! ಅಬ್ಬ ದೇವುಡಾ!" ಎನ್ನುತ್ತಿದ್ದರು. ಮೇಡಂ ಮುಂದೆಯೇ ನೋಡುತ್ತಿದ್ದರು. ಎರಡೂ ಕೈ ಸ್ಟೀರಿಂಗಿನ ಮೇಲೆ, ತುಟಿ ಬಿಗಿ, ಮುಖ ಮಾತ್ರ ದೀಪ ಹಚ್ಚಿಟ್ಟಂತೆ. ಇಳಿಜಾರು ಮುಗಿಯಿತು, ಹೊಲಗಳು ಬಂದವು, ದ್ರಾಕ್ಷಿ ತೋಟ ಹೋಯಿತು, ನಮ್ಮ ಶಾಲೆಯ ಹಳ್ಳಿ ಬಂತು. ಶಾಲೆಯ ಗೇಟು ಬಂತು. ಹೋಯಿತು.

ನಾನು ನೋಡಿದೆ. ಗಿರಿಜಮ್ಮನೂ ನೋಡಿದರು, ರಾಮಾಂಜಿನಪ್ಪನೂ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮೇಡಂ ಅವರ ಆ ಮುಖಕ್ಕೆ ಶಾಲೆ ದಾಟಿಹೋಯಿತೆಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಧೈರ್ಯ ಎಂದರೆ ತಪ್ಪಾದೀತು. ಯಾರಿಗೂ ಮನಸ್ಸು ಬರಲಿಲ್ಲ.

ಗೌರಿಬಿದನೂರು ಊರೊಳಗೆ ಎತ್ತಿನ ಗಾಡಿಯೊಂದು ಅಡ್ಡ ಬಂದು ಕಾರು ನಿಂತಿತು. ಮೇಡಂ ಸುತ್ತ ನೋಡಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಅಷ್ಟರಲ್ಲಿ ಹಿಂದೆ ಪೋಂ ಪೋಂ ಎಂದು ಬಸ್ಸು ಬಂದು ನಿಂತಿತು. ನಾರಾಯಣಸ್ವಾಮಿ ಇಳಿದು ಬಂದು, ಟವೆಲ್ ಕೈಯಲ್ಲಿ ಹಿಡಿದು, ಕಿಟಕಿಗೆ ಬಗ್ಗಿದ.

"ಗೆದ್ರಿ ಮೇಡಂ. ಆದ್ರೆ ಇಸ್ಕೂಲು ಹಿಂದೇನೇ ಉಳ್ಕಂತು."

ಮೇಡಂ ನಕ್ಕದ್ದು ಅದೇ ಮೊದಲಲ್ಲ, ಆದರೆ ಹಾಗೆ ನಕ್ಕದ್ದನ್ನು ನಾನು ಮೊದಲು ನೋಡಿದ್ದು. ಸ್ಟೀರಿಂಗಿಗೆ ಹಣೆ ಇಟ್ಟು, ಭುಜದ ಪಿನ್ನು ಮೂರೂ ಉದುರುವ ಹಾಗೆ ನಕ್ಕರು. ಅವರ ಹಣೆ ತಾಗಿ ನಮ್ಮ ಕಾರೂ ಪೋಂ ಎಂದಿತು. ಎತ್ತುಗಳು ಬೆಚ್ಚಿ ದಾರಿ ಬಿಟ್ಟವು.

ಶಾಲೆಗೆ ಫೋನ್ ಮಾಡಿದೆವು. ಹೊಸ ಹೆಡ್ ಮಾಸ್ತರರು, ಪ್ರಾರ್ಥನೆ ಮುಗಿದಿದೆ, ನಾಲ್ವರಿಗೂ ಅರ್ಧ ದಿನದ ರಜೆ ಬರೆದಾಗಿದೆ, ಮಧ್ಯಾಹ್ನ ಬಂದರೆ ಸಾಕು ಎಂದು ಖಾರವಾಗಿ ಹೇಳಿದರು. ಇಪ್ಪತ್ತೈದು ವರ್ಷದ ಸರ್ವಿಸಿನಲ್ಲಿ ಮೇಡಮ್ಮಿಗೆ ತಡವಾಗಿ ಬಂದದ್ದಕ್ಕೆ ರಜೆ ಬಿದ್ದದ್ದು ಅದೇ ಮೊದಲು. ಬಸ್ ನಿಲ್ದಾಣದ ಪಕ್ಕದ ಹೋಟೆಲಿನಲ್ಲಿ ನಾರಾಯಣಸ್ವಾಮಿಯನ್ನೂ ಕೂರಿಸಿಕೊಂಡು ಐವರೂ ದೋಸೆ ತಿಂದೆವು. ರಾಮಾಂಜಿನಪ್ಪ ಬಿಟ್ಟ ಒಂದು ಮುದ್ದೆಯ ಬದಲಿಗೆ ನಾಲ್ಕು ತಿಂದರು. ಕಾಫಿ ಮುಗಿಸಿದ ಮೇಡಂ ಕೈಗಡಿಯಾರ ನೋಡಿದರು.

"ನಿನ್ನ ಬಸ್ಸು ವಾಪಸ್ ಎಷ್ಟು ಗಂಟೆಗಪ್ಪ?"

"ಹತ್ತೂವರೆಗೆ ಮೇಡಂ. ಯಾಕೆ?"

"ಒಂದು ಸಲ ಆಗಿದ್ದನ್ನ ಫಲಿತಾಂಶ ಅನ್ನಕ್ಕಾಗಲ್ಲ" ಎಂದು ಮೇಡಂ ಕಾರಿನ ಕೀ ಎತ್ತಿಕೊಂಡರು. "ಕಣಿವೆಗೆ ಈ ಕಡೆಯಿಂದಲೂ ಏರು ಇದೆಯಲ್ಲ. ಮಧ್ಯಾಹ್ನದವರೆಗೆ ಹೇಗೂ ರಜಾ. ಹೋಗಣ ನಡೀರಿ."

ನಾವು ಮೂವರೂ ಕೈ ತೊಳೆದುಕೊಂಡು ಕಾರಿನ ಕಡೆಗೆ ಓಡಿದೆವು.